ಗೋಡೆ ಹೋದರೂ ಗಲ್ಲಿ ಉಳಿಯಲಿ: ಟವರ್ ಹ್ಯಾಮ್ಲೆಟ್ಸ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಬರೋ ಎಂಬ ಆಡಳಿತ ವಿಭಾಗದಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಬಂಧುಗಳೇ,

ನಮಸ್ಕಾರ.

ನಿಮ್ಮಲ್ಲಿ ಹಲವರ ಆಫೀಸು ಕ್ಯಾನರಿ ವಾರ್ಫ್‌ನಲ್ಲಿದೆ. ಅಲ್ಲಿ ಎಲಿಜಬೆತ್ ಲೈನ್ ಹತ್ತಿ ನಗರದ ಕಡೆ ಹೊರಟರೆ ಮುಂದಿನ ನಿಲ್ದಾಣವೇ ವೈಟ್‌ಚಾಪೆಲ್. ಆ ನಿಲ್ದಾಣದ ಬೆನ್ನಿಗೇ ಇರುವ ಡರ್‌ವರ್ಡ್ ಸ್ಟ್ರೀಟ್ 1888ರಲ್ಲಿ ಬಕ್ಸ್ ರೋ ಆಗಿತ್ತು. ಆ ವರ್ಷದ ಆಗಸ್ಟ್ 31ರ ನಸುಕಿನಲ್ಲಿ ಪಾಲಿ ನಿಕಲ್ಸ್ ಎಂಬ 43 ವರ್ಷದ ಹೆಂಗಸಿನ ಶವ ಅಲ್ಲಿನ ಒಂದು ಲಾಯದ ಗೇಟಿನ ಮುಂದೆ ಸಿಕ್ಕಿತು. ಊರಿಂದ ಬಂದ ನೆಂಟರನ್ನು ನೀವು ಸಂಜೆ ಹೊತ್ತು 'ರಿಪ್ಪರ್ ವಾಕ್'ಗೆ, ಅಂದರೆ ಎಂದೂ ಪತ್ತೆಯಾಗದ 'ಜಾಕ್ ದ ರಿಪ್ಪರ್' ಎಂಬ ಕೊಲೆಗಾರನ ಹೆಸರಿನ ನಡಿಗೆ ಪ್ರವಾಸಕ್ಕೆ ಕಳಿಸುತ್ತೀರಲ್ಲ, ಅದು ಸುತ್ತುವುದು ಈ ಕೊಲೆಯನ್ನೂ ಅದರ ನಂತರದ ನಾಲ್ಕನ್ನೂ.

ಈ ಪತ್ರ ಕೊಲೆಗಾರ ಯಾರೆಂಬ ಚರ್ಚೆಗಲ್ಲ. ಆ ಜಾಗಗಳು ಈಗ ಕಟ್ಟಡ ಕಂಪನಿಗಳ ನಕ್ಷೆಯೊಳಗೆ ಹೇಗೆ ಕರಗಿಹೋಗುತ್ತಿವೆ, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಏನು ಕೇಳಬೇಕು ಎಂಬುದಷ್ಟೇ ವಿಷಯ. ನಿಮಗೇ ಬರೆಯುವುದಕ್ಕೆ ಕಾರಣವಿದೆ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ, ಅಲ್ಲಿ ನೆಲೆಸಲು ಅನುಮತಿ ಪಡೆದ ಕಾಮನ್‌ವೆಲ್ತ್ ಪ್ರಜೆಗಳಾಗಿ ನೀವು ಹೆಸರು ನೋಂದಾಯಿಸಿಕೊಂಡರೆ ಸ್ಥಳೀಯ ಚುನಾವಣೆಯಲ್ಲಿ ನಿಮಗೆ ಮತವಿದೆ. ಇನ್ನು ಕಟ್ಟಲು ಅನುಮತಿ ಕೇಳುವ ಪ್ಲಾನಿಂಗ್ ಅರ್ಜಿಗೆ ಆಕ್ಷೇಪಣೆ ಬರೆಯಲು ಮತದಾರರಾಗಿರಬೇಕೆಂದೂ ಇಲ್ಲ. ಹೀಗಿದ್ದೂ ನಮ್ಮವರು ಸೊಲ್ಲೆತ್ತುವುದು ಕಡಿಮೆ.

ಮೊದಲು, ಎಲ್ಲೆಲ್ಲಿ ಏನು ಉಳಿದಿದೆ ನೋಡೋಣ. ಬಕ್ಸ್ ರೋ ಹೆಸರು 1892ರಲ್ಲೇ ಬದಲಾಯಿತು. ಸಾಲುಮನೆಗಳು 1970ರ ದಶಕದಲ್ಲಿ ನೆಲಸಮವಾದವು. ಪಕ್ಕದ ಹಳೆಯ ಬೋರ್ಡ್ ಸ್ಕೂಲ್ ಕಟ್ಟಡ ಮಾತ್ರ ಫ್ಲ್ಯಾಟುಗಳಾಗಿ ಉಳಿಯಿತು. ಸೆಪ್ಟೆಂಬರ್ 8ರಂದು ಆನ್ನಿ ಚಾಪ್‌ಮನ್ ಕೊಲೆಯಾದ ಹಿತ್ತಲು ಹ್ಯಾನ್‌ಬರಿ ಸ್ಟ್ರೀಟಿನ 29ನೇ ನಂಬರಿನದು. ರಸ್ತೆಯ ಆ ಬದಿಯನ್ನೇ 1970ರಲ್ಲಿ ಟ್ರೂಮನ್ ಬ್ರೂವರಿ ಎಂಬ ಬಿಯರ್ ಕಾರ್ಖಾನೆಯ ವಿಸ್ತರಣೆಗಾಗಿ ಕೆಡವಿದರು. ಎದುರಿನ ದಕ್ಷಿಣ ಬದಿಯ ಮನೆಗಳು ಇಂದಿಗೂ ಇವೆ. ಸೆಪ್ಟೆಂಬರ್ 30ರ ರಾತ್ರಿ ಒಂದು ಗಂಟೆಗೆ ಎಲಿಜಬೆತ್ ಸ್ಟ್ರೈಡ್ ಶವ ಸಿಕ್ಕ ಬರ್ನರ್ ಸ್ಟ್ರೀಟಿನ ಅಂಗಳ ಈಗ ಹೆನ್ರಿಕ್ಸ್ ಸ್ಟ್ರೀಟಿನಲ್ಲಿ ಒಂದು ಪ್ರಾಥಮಿಕ ಶಾಲೆಯ ಆಟದ ಬಯಲು. ಅದೇ ರಾತ್ರಿ ಮುಕ್ಕಾಲು ಗಂಟೆಯ ಬಳಿಕ ಕ್ಯಾಥರೀನ್ ಎಡ್ಡೋಸ್ ಸತ್ತಿದ್ದು ಮೈಟರ್ ಸ್ಕ್ವೇರ್‌ನಲ್ಲಿ. ನವೆಂಬರ್ 9ರಂದು ಮೇರಿ ಜೇನ್ ಕೆಲ್ಲಿ ಸತ್ತಿದ್ದು ಡಾರ್ಸೆಟ್ ಸ್ಟ್ರೀಟಿನ ಹಿಂಬದಿಯ ಮಿಲ್ಲರ್ಸ್ ಕೋರ್ಟ್‌ನ 13ನೇ ಕೋಣೆಯಲ್ಲಿ.

ಈ ಕೊನೆಯ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ. ನಾವು ಹೇಳಬೇಕಾದದ್ದು ಅಲ್ಲೇ ಇದೆ.

ಮೈಟರ್ ಸ್ಕ್ವೇರ್‌ನಲ್ಲಿ 1888ರ ಕಟ್ಟಡ ಎಂದು ಹೇಳಿಕೊಳ್ಳುವಂಥದ್ದು ಸುತ್ತ ಏನೂ ಇಲ್ಲ. 2010ರ ದಶಕದಲ್ಲಿ ಒಂದು ಬದಿಗೆ ಒನ್ ಕ್ರೀಚರ್ಚ್ ಪ್ಲೇಸ್ ಎಂಬ ಗಾಜಿನ ಆಫೀಸು ಗೋಪುರವೂ ಎದ್ದಿತು. ಆದರೂ ಚೌಕ ಚೌಕವಾಗಿಯೇ ಇದೆ. ಮೈಟರ್ ಸ್ಟ್ರೀಟಿನಿಂದ ಗಾಡಿ ಬರುವ ದಾರಿ ಒಂದು, ಆಗ ಚರ್ಚ್ ಪ್ಯಾಸೇಜ್ ಎನಿಸಿಕೊಂಡಿದ್ದ ಈಗಿನ ಸೇಂಟ್ ಜೇಮ್ಸಸ್ ಪ್ಯಾಸೇಜ್ ಇನ್ನೊಂದು, ಉತ್ತರದ ಸಣ್ಣ ಸಂದಿ ಮತ್ತೊಂದು. ಮೂರು ಬಾಯಿಗಳೂ ಇದ್ದಲ್ಲೇ ಇವೆ. ಹಾಗಾಗಿ ಅಲ್ಲಿ ನಿಂತು ಆ ರಾತ್ರಿಯ ಗಡಿಯಾರವನ್ನು ಇಂದಿಗೂ ಪರೀಕ್ಷಿಸಬಹುದು. ಪೇದೆ ವಾಟ್ಕಿನ್ಸ್ 1.30ಕ್ಕೆ ಚೌಕವನ್ನು ಹಾದಾಗ ಏನೂ ಇರಲಿಲ್ಲ. 1.35ರ ಸುಮಾರಿಗೆ ಚರ್ಚ್ ಪ್ಯಾಸೇಜಿನ ಆಚೆ ತುದಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ನಿಂತಿದ್ದನ್ನು ಸಾಕ್ಷಿಗಳು ಕಂಡರು. 1.40 ದಾಟಿದ ಮೇಲೆ ಇನ್ನೊಬ್ಬ ಪೇದೆ ಅದೇ ಪ್ಯಾಸೇಜಿನ ಈಚೆ ತುದಿವರೆಗೆ ಬಂದು ಹಿಂದಿರುಗಿದ. 1.44ಕ್ಕೆ ವಾಟ್ಕಿನ್ಸ್ ಮತ್ತೆ ಬಂದಾಗ ಶವ ಇತ್ತು. ಪ್ಯಾಸೇಜಿನ ಉದ್ದ, ಚೌಕದ ಅಗಲ, ಮೂಲೆಯಿಂದ ಮೂಲೆಗೆ ಕಾಣುವ ನೋಟ ಇವನ್ನು ಬದಲಿಸಿಬಿಟ್ಟರೆ ಈ ಹದಿನಾಲ್ಕು ನಿಮಿಷ ಬರೀ ಕಾಗದದ ಲೆಕ್ಕವಾಗುತ್ತದೆ.

ಡಾರ್ಸೆಟ್ ಸ್ಟ್ರೀಟಿನದು ಇದಕ್ಕೆ ತಿರುಗುಮುರುಗು. 1904ರಲ್ಲಿ ಅದಕ್ಕೆ ಡ್ಯುವಲ್ ಸ್ಟ್ರೀಟ್ ಎಂದು ಹೆಸರಿಟ್ಟರು. 1928ರಲ್ಲಿ ಮಿಲ್ಲರ್ಸ್ ಕೋರ್ಟ್ ಸಮೇತ ಉತ್ತರ ಬದಿಯನ್ನು ಕೆಡವಿ ಅಲ್ಲಿ ಫ್ರೂಟ್ ಅಂಡ್ ವೂಲ್ ಎಕ್ಸ್‌ಚೇಂಜ್ ಎಂಬ ಹಣ್ಣು-ಉಣ್ಣೆ ವ್ಯಾಪಾರದ ಕಟ್ಟಡ ಕಟ್ಟಿದರು. ದಕ್ಷಿಣ ಬದಿ 1960ರ ದಶಕದಲ್ಲಿ ಬಹುಮಹಡಿ ಕಾರ್ ಪಾರ್ಕಿಗೆ ಹೋಯಿತು. ಅಷ್ಟಾದರೂ ಎರಡರ ನಡುವೆ ಒಂದು ಸೇವಾ ರಸ್ತೆಯ ರೂಪದಲ್ಲಿ ಬೀದಿಯ ರೇಖೆ ಉಳಿದಿತ್ತು. 2012ರಲ್ಲಿ ಎಕ್ಸ್‌ಚೇಂಜನ್ನು ಮತ್ತೆ ಕಟ್ಟುವ ಅರ್ಜಿ ಬಂತು. ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ ಅದನ್ನು ತಿರಸ್ಕರಿಸಿತು. ಲಂಡನ್ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಅದನ್ನು ತಮ್ಮ ಕೈಗೆ ತೆಗೆದುಕೊಂಡು ಅಕ್ಟೋಬರ್‌ನಲ್ಲಿ ಅನುಮತಿ ಕೊಟ್ಟರು. ಬ್ರಷ್‌ಫೀಲ್ಡ್ ಸ್ಟ್ರೀಟ್ ಕಡೆಯ 1929ರ ಮುಂಗೋಡೆಯನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು ನಿಲ್ಲಿಸಿ, ಹಿಂದಿನದೆಲ್ಲ ತೆಗೆದು, ಹೊಸ ಆಫೀಸು ಕಟ್ಟಿದರು. ಪರಂಪರೆ ಉಳಿಸಿದೆವು ಎಂಬ ಹೆಸರೂ ಬಂತು. ಉಳಿದದ್ದು ಹಣ್ಣಿನ ವ್ಯಾಪಾರದ ಗೋಡೆ. ಬೀದಿ ಉಳಿಯಲಿಲ್ಲ.

ಕಟ್ಟಡದ ಮುಖಕ್ಕೆ ಕೊಡುವ ಮರ್ಯಾದೆಯನ್ನು ಓಣಿಗೆ, ಸಂದಿಗೆ, ಹಿತ್ತಲ ದಾರಿಗೆ ಕೊಡದಿರುವುದೇ ಇಂಗ್ಲಿಷ್ ಪ್ಲಾನಿಂಗ್ ಪದ್ಧತಿಯ ದೊಡ್ಡ ಕುರುಡು. ಕಾನೂನಿನ ರಕ್ಷಣೆಯಿರುವ 'ಲಿಸ್ಟೆಡ್' ಪಟ್ಟಿ ಕಟ್ಟಡಗಳದ್ದು. ಗಣ್ಯರು ಬದುಕಿದ ಮನೆಗೆ ಹಾಕುವ ನೀಲಿ ಫಲಕದ ಯೋಜನೆಗೂ ಆ ವ್ಯಕ್ತಿಯ ಕಾಲದ ಕಟ್ಟಡ ಇನ್ನೂ ನಿಂತಿರಬೇಕು. ಬಡವರು ಬದುಕಿದ ಜಾಗದಲ್ಲಿ ಕಟ್ಟಡ ನಿಲ್ಲುವುದೇ ಇಲ್ಲ. ನಿಂತರೆ ನೆಲದ ರೇಖೆ ನಿಲ್ಲುತ್ತದೆ.

ಆ ರೇಖೆಗೇಕೆ ಅಷ್ಟು ಬೆಲೆ? ಈ ಕೊಲೆಗಳ ಭೂಗೋಳ ಹಾಸಿಗೆಯ ಬಾಡಿಗೆಯ ಭೂಗೋಳ. ಥ್ರಾಲ್ ಸ್ಟ್ರೀಟ್, ಫ್ಲವರ್ ಅಂಡ್ ಡೀನ್ ಸ್ಟ್ರೀಟ್, ಡಾರ್ಸೆಟ್ ಸ್ಟ್ರೀಟ್‌ಗಳ ತುಂಬ ರಾತ್ರಿಯ ಲೆಕ್ಕದಲ್ಲಿ ಹಾಸಿಗೆ ಕೊಡುವ ಲಾಡ್ಜಿಂಗ್ ಮನೆಗಳಿದ್ದವು. ಒಂಟಿ ಹಾಸಿಗೆಗೆ ನಾಲ್ಕು ಪೆನ್ಸ್. ಪಾಲಿ ನಿಕಲ್ಸ್ ಬಳಿ ಆ ನಾಲ್ಕು ಪೆನ್ಸ್ ಇರಲಿಲ್ಲವೆಂದು ಥ್ರಾಲ್ ಸ್ಟ್ರೀಟಿನ ಮನೆಯಿಂದ ಹೊರಹಾಕಿದರು. ಆನ್ನಿ ಚಾಪ್‌ಮನ್‌ರನ್ನು ಡಾರ್ಸೆಟ್ ಸ್ಟ್ರೀಟಿನ 35ನೇ ನಂಬರಿನಿಂದ ಹೊರಗೆ ಕಳಿಸಿದ್ದೂ ಹಾಸಿಗೆಯ ಕಾಸಿಲ್ಲದ್ದಕ್ಕೆ. ಹ್ಯಾನ್‌ಬರಿ ಸ್ಟ್ರೀಟ್ 29ರಲ್ಲಿ 17 ಜನ ವಾಸವಿದ್ದರು. ಯಾರು ಯಾವ ಹೊತ್ತಿಗೆ ಬರುತ್ತಾರೋ ತಿಳಿಯದ ಕಾರಣ ಮುಂಬಾಗಿಲಿಗೆ ಬೀಗವಿರಲಿಲ್ಲ, ಬಾಗಿಲಿಂದ ನೇರ ಓಣಿ ಹಿತ್ತಲಿಗೆ. ಮಿಲ್ಲರ್ಸ್ ಕೋರ್ಟಿಗೆ ಹೋಗುವ ಸಂದಿ ಸುಮಾರು ಮೂರು ಅಡಿ ಅಗಲ. ಕೆಲ್ಲಿಯವರ ಕೋಣೆಯ ಬಾಡಿಗೆ ವಾರಕ್ಕೆ ನಾಲ್ಕೂವರೆ ಶಿಲ್ಲಿಂಗ್, ಬಾಕಿ 29 ಶಿಲ್ಲಿಂಗ್. ಆ ಬಾಕಿ ಕೇಳಲು ಬಂದವನೇ ಒಡೆದ ಕಿಟಕಿಯಿಂದ ಇಣುಕಿ ಶವ ಕಂಡ. ಬೀಗವಿಲ್ಲದ ಬಾಗಿಲು, ಮೂರಡಿ ಸಂದಿ, ಹೊರಹಾಕಿದ ಮನೆಗೂ ಸತ್ತ ಜಾಗಕ್ಕೂ ಇರುವ ನಡಿಗೆ, ಇವೆಲ್ಲ ನೆಲದ ಮೇಲೆ ಅಳೆಯಬಹುದಾದವು. ಕೊಲೆಗಾರನ ಬಗ್ಗೆ ಏನನ್ನೂ ಹೇಳದೆ ಆ ಹೆಂಗಸರ ಬಗ್ಗೆ ಬಹಳಷ್ಟನ್ನು ಹೇಳುವಂಥವು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಪುನರಭಿವೃದ್ಧಿ ಈ ಕಥೆಗೆ ಆಮೇಲೆ ಬಂದದ್ದಲ್ಲ. 1875ರ ಕಾಯಿದೆಯಡಿ ಕೊಳೆಗೇರಿ ತೆರವು ಇದೇ ಬೀದಿಗಳಲ್ಲಿ ನಡೆಯಿತು. ಕೆಡವಿದ ಜಾಗ ವರ್ಷಗಟ್ಟಲೆ ಖಾಲಿ ಬಿತ್ತು. ಹೊರಬಿದ್ದವರು ಉಳಿದ ಲಾಡ್ಜಿಂಗ್ ಮನೆಗಳಲ್ಲಿ ಇನ್ನಷ್ಟು ಒತ್ತಿಕೊಂಡರು. ಆಮೇಲೆ ಅಲ್ಲಿ ಎದ್ದ ಮಾದರಿ ವಸತಿಗಳ ಬಾಡಿಗೆ ದಿನಗೂಲಿಯವರಿಗೆ ಎಟುಕುವಂಥದ್ದಲ್ಲ. 1888 ಈ ತೆರವಿನ ನಡುವೆ ಬಂದ ವರ್ಷ.

ಈಗ ಕೆಲಸದ ಮಾತು. 1928ರಲ್ಲಾಗಲಿ 1970ರಲ್ಲಾಗಲಿ ಕೆಡವುವ ಮುನ್ನ ದಾಖಲಿಸಬೇಕೆಂಬ ಒತ್ತಾಯ ಇರಲಿಲ್ಲ. ಕಟ್ಟುವವನೇ ಪುರಾತತ್ವದ ಖರ್ಚು ಹೊರಬೇಕೆಂಬ ಪದ್ಧತಿ ಗಟ್ಟಿಯಾದದ್ದು 1990ರ ಸರ್ಕಾರಿ ಮಾರ್ಗಸೂಚಿಯಿಂದ. ಅದರ ಫಲ ಕಣ್ಣೆದುರಿಗೇ ಇದೆ: ಸ್ಪಿಟಲ್‌ಫೀಲ್ಡ್ಸ್‌ನ ಹಣ್ಣು-ತರಕಾರಿ ಸಗಟು ಮಾರುಕಟ್ಟೆ 1991ರಲ್ಲಿ ಲೇಟನ್‌ಗೆ ಹೋದ ಮೇಲೆ ಆ ಜಾಗದಲ್ಲಿ ನಡೆದ ಉತ್ಖನನದಲ್ಲಿ ಮಧ್ಯಯುಗದ ಸೇಂಟ್ ಮೇರಿ ಸ್ಪಿಟಲ್ ಆಸ್ಪತ್ರೆಯ ಸ್ಮಶಾನದ 10,000ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಶಾಸ್ತ್ರೋಕ್ತವಾಗಿ ಎತ್ತಿ ದಾಖಲಿಸಿದರು. ಆದರೆ ಒಂದು ಸಮಸ್ಯೆ. ರೋಮನ್ ಗೋಡೆ ಸಿಕ್ಕರೆ ಕೆಲಸ ನಿಲ್ಲಿಸುವ ಗುತ್ತಿಗೆದಾರ, 19ನೇ ಶತಮಾನದ ನೆಲಮಾಳಿಗೆಯ ಇಟ್ಟಿಗೆಯನ್ನು 'ಆಧುನಿಕ ಅಡಚಣೆ' ಎಂದು ಬರೆದು ಜೆಸಿಬಿಯಲ್ಲಿ ತೆಗೆಸಿಬಿಡುತ್ತಾನೆ. ಬಾಡಿಗೆ ಮನೆಗಳ ತಳಪಾಯ, ಹಿತ್ತಲ ನೆಲಹಾಸು, ಚರಂಡಿ, ಕಕ್ಕಸು ಗುಂಡಿ ಎಲ್ಲ ಈ ಪದರದಲ್ಲೇ ಇರುವುದು.

ಆದ್ದರಿಂದ ಅರ್ಜಿಯ ಮೇಲೆ ಬರೆಯುವಾಗ 'ಪರಂಪರೆ ಉಳಿಸಿ' ಎಂದು ಬರೆದರೆ ಪ್ರಯೋಜನವಿಲ್ಲ. ಷರತ್ತಿನ ರೂಪದಲ್ಲಿ ಕೇಳಿ. ಉತ್ಖನನದ ಲಿಖಿತ ಯೋಜನೆಯಲ್ಲಿ 1800ರಿಂದ 1900ರವರೆಗಿನ ವಸತಿ ಪದರವನ್ನು ಹೆಸರಿಸಿ ಸೇರಿಸಬೇಕು. ನಿಂತಿರುವ ಕಟ್ಟಡವಿದ್ದರೆ ಸರ್ಕಾರದ ಪರಂಪರೆ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್‌ನ ನಾಲ್ಕು ಹಂತದ ದಾಖಲಾತಿಯಲ್ಲಿ ಕನಿಷ್ಠ ಮೂರನೇ ಹಂತ ಆಗಬೇಕು. ಕೆಡವುವ ಕೆಲಸ ಶುರುವಾಗುವ ಮುನ್ನವೇ ಇದು ಮುಗಿದಿರಬೇಕು. ಈ ಕೊನೆಯ ಮಾತನ್ನು ಬಿಟ್ಟರೆ ಎಲ್ಲ ಬಿಟ್ಟಂತೆ. ಷರತ್ತಿನಲ್ಲಿ 'ಕಟ್ಟಡ ಬಳಕೆಗೆ ಬರುವ ಮುನ್ನ' ಎಂದಿದ್ದರೆ ಕೆಡವಿದ ಮೇಲೆ ಫೋಟೋಗಳ ಕಡತವೊಂದನ್ನು ಸಲ್ಲಿಸಿ ಕೈತೊಳೆದುಕೊಳ್ಳಬಹುದು. ಹಂತ ಒಂದು ಎಂದರೆ ಹೊರಗಿನಿಂದ ನೋಡಿ ಬರೆದ ಟಿಪ್ಪಣಿ, ಕೆಲವು ಚಿತ್ರ, ಅಷ್ಟೇ. ಹಂತ ಮೂರರಲ್ಲಿ ಅಳತೆಯ ನಕ್ಷೆ ಬರುತ್ತದೆ, ಕಟ್ಟಡ ಹೇಗೆ ಹೇಗೆ ಬದಲಾಯಿತೆಂಬ ವಿಶ್ಲೇಷಣೆ ಬರುತ್ತದೆ.

ಹೊಸ ಯೋಜನೆ ಹಳೆಯ ಬೀದಿಯನ್ನು ಎಲ್ಲಿ ನುಂಗುತ್ತದೆ ಎಂದು ತಿಳಿಯಲು ನಕ್ಷೆಯ ಮೇಲೆ ನಕ್ಷೆ ಹೊಂದಿಸಬೇಕು. ನಿಮ್ಮಲ್ಲಿ ಸಾಫ್ಟ್‌ವೇರ್ ಕೈ ಇರುವವರು ಬಹಳ. ಉಚಿತವಾದ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್ ಸಾಕು. ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ, ಒಂದು ಮೈಲಿಯನ್ನು ಐದು ಅಡಿಯಲ್ಲಿ ತೋರಿಸುವ ಲಂಡನ್ ನಕ್ಷೆ ನಿಮ್ಮ ಆಧಾರ. ಅದರ 1890ರ ದಶಕದ ಆವೃತ್ತಿಯನ್ನು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ಜಾಲತಾಣದಲ್ಲಿ ಇಂದಿನ ನಕ್ಷೆಗೆ ಹೊಂದಿಸಿಯೇ ಕೊಟ್ಟಿದೆ. ಪ್ರಮಾಣ 1:1056, ಕಾಗದದ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ಅರ್ಧ ಮೀಟರನ್ನು ನುಂಗುತ್ತದೆ. ಮೂರಡಿ ಸಂದಿಯನ್ನು ಹುಡುಕುವಾಗ ಇದು ಸಣ್ಣ ತಪ್ಪಲ್ಲ. ಅಂಥ ಕಡೆ ಅಗ್ನಿ ವಿಮೆಗಾಗಿ ತಯಾರಾದ ಗೋಡ್ ನಕ್ಷೆ ನೋಡಿ. ಅದು 1:480, ಅಂದರೆ ಇಂಚಿಗೆ 40 ಅಡಿ. ಮೈಟರ್ ಸ್ಕ್ವೇರ್‌ಗೆ ಇನ್ನೂ ಉತ್ತಮವಾದದ್ದಿದೆ: ವಿಚಾರಣೆಗಾಗಿ ಸರ್ವೇಯರ್ ಫ್ರೆಡರಿಕ್ ಫಾಸ್ಟರ್ ಆಗಲೇ ಅಳೆದು ಬರೆದ ನಕ್ಷೆ.

ತಪ್ಪಾಗುವುದು ಸಾಮಾನ್ಯವಾಗಿ ಆಧಾರ ಬಿಂದುಗಳ, ಅಂದರೆ ಎರಡೂ ನಕ್ಷೆಯಲ್ಲಿ ಒಂದೇ ಜಾಗವೆಂದು ಗುರುತು ಹಾಕುವ ಬಿಂದುಗಳ, ಆಯ್ಕೆಯಲ್ಲಿ. ನಾಲ್ಕು ಬಿಂದು ಸಾಕೆಂದು ನಾಲ್ಕನ್ನೂ ಒಂದೇ ಬದಿಯಲ್ಲಿ ಹಿಡಿದರೆ ಇನ್ನೊಂದು ಬದಿ ಓರೆಯಾಗುತ್ತದೆ. ಹಳೆಯ ಕಾಗದ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಿರುವುದಿಲ್ಲ. ಆರರಿಂದ ಎಂಟು ಬಿಂದು ಹಿಡಿಯಿರಿ, ಜಾಗದ ಸುತ್ತ ಹರಡಿ ಹಿಡಿಯಿರಿ, ಎರಡೂ ಕಾಲದಲ್ಲಿ ಖಚಿತವಾಗಿ ಇದ್ದ ಕಟ್ಟಡದ ಮೂಲೆಗಳನ್ನೇ ಹಿಡಿಯಿರಿ. ಡಾರ್ಸೆಟ್ ಸ್ಟ್ರೀಟಿಗೆ ಕ್ರೈಸ್ಟ್ ಚರ್ಚ್, ಟೆನ್ ಬೆಲ್ಸ್ ಪಬ್ಬಿನ ಮೂಲೆ, ಕ್ರಿಸ್ಪಿನ್ ಸ್ಟ್ರೀಟಿನಲ್ಲಿ ಪ್ರಾವಿಡೆನ್ಸ್ ರೋ ಆಶ್ರಯಧಾಮದ ಮುಂಗೋಡೆ ಸಿಗುತ್ತವೆ. ಹ್ಯಾನ್‌ಬರಿ ಸ್ಟ್ರೀಟಿಗೆ ದಕ್ಷಿಣ ಬದಿಯ ಮನೆಗಳ ಪಕ್ಕಗೋಡೆಗಳಿವೆ. ಡರ್‌ವರ್ಡ್ ಸ್ಟ್ರೀಟಿಗೆ ಆ ಶಾಲೆಯ ಕಟ್ಟಡವೇ ಚಿನ್ನದಂಥ ಆಧಾರ. ರಸ್ತೆಯ ಅಂಚನ್ನು ಮಾತ್ರ ನಂಬಬೇಡಿ. ಅಗಲೀಕರಣದಲ್ಲಿ ಮೊದಲು ಸರಿಯುವುದು ಅದೇ. ಹೊಂದಿಸಿದ ಮೇಲೆ ಯಾವುದಾದರೂ ಬಿಂದು ಒಂದು ಮೀಟರಿಗಿಂತ ಹೆಚ್ಚು ತಪ್ಪು ತೋರಿಸಿದರೆ ಅದನ್ನು ಕಿತ್ತು ಬೇರೆ ಹಿಡಿಯಿರಿ. ಬೀದಿಯ ಹೆಸರು, ಮನೆ ನಂಬರು ಎರಡನ್ನೂ ಆ ವರ್ಷದ ಪೋಸ್ಟ್ ಆಫೀಸ್ ಡೈರೆಕ್ಟರಿಯಲ್ಲಿ ತಾಳೆ ನೋಡದೆ ಬರೆಯಬೇಡಿ. ಮುಖ್ಯ ಪೊಲೀಸ್ ಕಡತಗಳು ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೆಪೋ 3/140 ಎಂಬ ಸಂಖ್ಯೆಯಲ್ಲಿವೆ. ಎಡ್ಡೋಸ್ ವಿಚಾರಣೆಯ ಕಾಗದಗಳು ಸಿಟಿಯ, ಅಂದರೆ ಪ್ರತ್ಯೇಕ ಆಡಳಿತವಿರುವ 'ಸಿಟಿ ಆಫ್ ಲಂಡನ್' ಎಂಬ ನಡುಭಾಗದ, ದಾಖಲೆಗಳ ಜೊತೆ ಬೇರೆಯಾಗಿ ಉಳಿದಿವೆ. ಕಾರಣ, ಮೈಟರ್ ಸ್ಕ್ವೇರ್ ಆಗಲೂ ಸಿಟಿ ಪೊಲೀಸರ ಸರಹದ್ದು. ಈಗಲೂ ಆ ಚೌಕದ ಅರ್ಜಿ ಹೋಗುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್ನಿಗೆ, ಟವರ್ ಹ್ಯಾಮ್ಲೆಟ್ಸ್‌ಗಲ್ಲ. ತಪ್ಪು ಕಚೇರಿಗೆ ಬರೆದು ಕಾಲಾವಧಿ ಕಳೆದುಕೊಳ್ಳಬೇಡಿ.

ರೇಖೆ ಎಲ್ಲಿತ್ತೆಂದು ಗೊತ್ತಾದ ಮೇಲೆ ಕೇಳಬೇಕಾದದ್ದು ಎರಡು. ಸಾಧ್ಯವಿದ್ದರೆ ಹೊಸ ಕಟ್ಟಡದ ನೆಲಮಹಡಿಯಲ್ಲಿ ಆ ಓಣಿ ಹಳೆಯ ಅಗಲದಲ್ಲೇ ಸಾರ್ವಜನಿಕ ದಾರಿಯಾಗಿ ಉಳಿಯಲಿ. ರಾತ್ರಿ ಗೇಟು ಹಾಕುವಂಥದ್ದಲ್ಲ, ನಿಜವಾದ ದಾರಿ. ಇದನ್ನು ಕಟ್ಟುವವನು ಕೌನ್ಸಿಲ್ ಜೊತೆ ಮಾಡಿಕೊಳ್ಳುವ ಸೆಕ್ಷನ್ 106 ಎಂಬ ಕಾನೂನುಬದ್ಧ ಒಪ್ಪಂದದಲ್ಲಿ ಬರೆಸಬೇಕು. ಬಣ್ಣದ ಚಿತ್ರದಲ್ಲಿ ತೋರಿಸಿದ್ದಕ್ಕೆ ಕಾನೂನಿನ ಬಲವಿಲ್ಲ. ಸಾಧ್ಯವೇ ಇಲ್ಲವೆಂದಾದರೆ ನೆಲಹಾಸಿನಲ್ಲಿ ಆ ರೇಖೆಯನ್ನು ಬೇರೆ ಕಲ್ಲಿನಲ್ಲಿ ಎದ್ದುಕಾಣಿಸಿ ಹಳೆಯ ಹೆಸರನ್ನು ಕೆತ್ತಲಿ. ಆಲ್ತಾಬ್ ಅಲಿ ಪಾರ್ಕಿನಲ್ಲಿ, ಇಲ್ಲದಾದ ಸೇಂಟ್ ಮೇರಿ ಚರ್ಚಿನ ತಳವಿನ್ಯಾಸವನ್ನು ನೆಲದ ಮೇಲೆ ಗುರುತಿಸಿದ್ದು ಹೀಗೆಯೇ. ಅದು ಆಗುವ ಕೆಲಸ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಕಲ್ಲಿನ ಕೆಲಸದಲ್ಲಿ ಕೆಡುವುದು ಎಲ್ಲಿ ಎಂದೂ ಬರೆದುಬಿಡುತ್ತೇವೆ, ಯಾಕೆಂದರೆ ಕೌನ್ಸಿಲ್‌ನ ಪ್ಲಾನಿಂಗ್ ಸಮಿತಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಹಳೆಯ ಗ್ರಾನೈಟ್ ಹಾಸುಗಲ್ಲನ್ನು ಎತ್ತುವ ಮುನ್ನ ಒಂದು ಮೀಟರ್ ಚೌಕಗಳಲ್ಲಿ ಮೇಲಿನಿಂದ ನೇರ ಫೋಟೋ ತೆಗೆದು, ಚೌಕದ ಸಂಖ್ಯೆ ಬರೆದ ಪ್ಯಾಲೆಟ್‌ಗಳಲ್ಲಿ ಇಡಬೇಕು. ಒಟ್ಟಿಗೆ ರಾಶಿ ಹಾಕಿದರೆ ಗಾತ್ರ ಬೆರೆತು, ಮತ್ತೆ ಹಾಸುವಾಗ ಕಲ್ಲುಗಳ ನಡುವಿನ ಅಂತರ ಹಿಗ್ಗುತ್ತದೆ. 6ರಿಂದ 10 ಮಿಲಿಮೀಟರ್ ಇರಬೇಕಾದ್ದು 20 ದಾಟಿದರೆ ಗಾಲಿಕುರ್ಚಿಗೂ ಕಷ್ಟ, ನಡುವೆ ತುಂಬಿದ್ದೂ ನಿಲ್ಲುವುದಿಲ್ಲ. ಕೆಳಗೆ ಬಿರುಸಾದ ಸಿಮೆಂಟ್ ಹಾಸು ಹಾಕಿದರೆ ಕಸದ ಲಾರಿಯ ಭಾರಕ್ಕೆ ಬಿರುಕು ಬಿಟ್ಟು ನೀರು ಇಳಿಯುತ್ತದೆ. ಮುಂದೆ ಯಾರಾದರೂ ಎತ್ತಲು ಹೋದರೆ ಸಿಮೆಂಟ್ ಬಿಡದೆ ಕಲ್ಲೇ ಒಡೆಯುತ್ತದೆ. ಹೆಸರು ಕೆತ್ತಲು ಹಿತ್ತಾಳೆ ಬೇಡ: ಸವೆದು ನುಣುಪಾದರೆ ಮಳೆಯಲ್ಲಿ ಜಾರುತ್ತದೆ, ಕಳ್ಳರ ಕಣ್ಣೂ ಬೀಳುತ್ತದೆ. ಯಾರ್ಕ್ ಕಲ್ಲು ಚೆಂದ, ಆದರೆ ಜನಸಂದಣಿಯಲ್ಲಿ ಅಕ್ಷರ ಬೇಗ ಸವೆಯುತ್ತದೆ. ಗ್ರಾನೈಟಿನಲ್ಲಿ 50 ಮಿಲಿಮೀಟರ್ ಎತ್ತರದ, 5-6 ಮಿಲಿಮೀಟರ್ ಆಳದ ಅಕ್ಷರ ನಿಂತು ಓದಲು ಸಾಕು. ಒದ್ದೆಯಿದ್ದಾಗ ನೆಲದ ಹಿಡಿತ ಅಳೆಯುವ ಲೋಲಕ ಪರೀಕ್ಷೆಯಲ್ಲಿ, ಜಾರದಂತೆ ತಡೆಯುವ ಗುಣದ ಅಂಕ 36ಕ್ಕಿಂತ ಕಡಿಮೆಯಾಗಬಾರದೆಂದು ಬರೆಸಿ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ದಿನ ಕೇಬಲ್ ಕಂಪನಿಯವರು ಬಂದು ಅಗೆದು, ತಾತ್ಕಾಲಿಕವೆಂದು ಟಾರು ತುಂಬಿ ಹೋಗುತ್ತಾರೆ. ಇಂಗ್ಲೆಂಡಿನ ನಿಯಮದಲ್ಲಿ ತಾತ್ಕಾಲಿಕ ಮುಚ್ಚಿಗೆಯನ್ನು ಆರು ತಿಂಗಳೊಳಗೆ ಶಾಶ್ವತ ಮಾಡಬೇಕು. ಆದರೆ ಆ ಬೀದಿಗೆ ವಿಶೇಷ ಮೇಲ್ಮೈ ಇದೆಯೆಂದು ಕೌನ್ಸಿಲ್ ತನ್ನ ರಸ್ತೆ ದಾಖಲೆಯಲ್ಲಿ ನಮೂದಿಸಿರದಿದ್ದರೆ ಗುತ್ತಿಗೆದಾರನಿಗೆ ಗೊತ್ತಾಗುವುದಾದರೂ ಹೇಗೆ? ಬದಲಿ ಕಲ್ಲು ಕೌನ್ಸಿಲ್ ಉಗ್ರಾಣದಲ್ಲಿ ಇಲ್ಲದಿದ್ದರೆ ಟಾರೇ ಶಾಶ್ವತ. ಹಾಸಿದ್ದರ ಶೇಕಡಾ 5ರಷ್ಟು ಕಲ್ಲನ್ನು ಹೆಚ್ಚುವರಿಯಾಗಿ ಕೊಟ್ಟಿಡಬೇಕೆಂದು ಕಟ್ಟುವವನಿಂದಲೇ ಬರೆಸಿಕೊಳ್ಳುವುದು ಜಾಣತನ.

ಇನ್ನು ಹೆಸರಿನ ವಿಚಾರ. 'ಜಾಕ್ ದ ರಿಪ್ಪರ್' ಎಂಬ ಹೆಸರು 1888ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸುದ್ದಿಸಂಸ್ಥೆಗೆ ಬಂದ ಪತ್ರದಿಂದ ಹುಟ್ಟಿದ್ದು. ಅದನ್ನು ಪತ್ರಕರ್ತನೇ ಬರೆದಿರಬೇಕೆಂದು ಪೊಲೀಸ್ ಅಧಿಕಾರಿಗಳೇ ಶಂಕಿಸಿದ್ದರು. ಆ ಹೆಸರನ್ನು ಕಲ್ಲಿನಲ್ಲಿ ಕೆತ್ತುವ ಅಗತ್ಯ ಯಾವ ಬೀದಿಗೂ ಇಲ್ಲ. ಟೆನ್ ಬೆಲ್ಸ್ ಪಬ್ಬು 1976ರಿಂದ 1988ರವರೆಗೆ ಆ ಹೆಸರನ್ನೇ ಹೊತ್ತಿತ್ತು. ವಿರೋಧ ಬಂದ ಮೇಲೆ ಹಳೆಯ ಹೆಸರಿಗೆ ಮರಳಿತು. 2015ರಲ್ಲಿ ಕೇಬಲ್ ಸ್ಟ್ರೀಟಿನಲ್ಲಿ ತೆರೆದ ವಸ್ತುಸಂಗ್ರಹಾಲಯದ ಪ್ಲಾನಿಂಗ್ ಅರ್ಜಿಯಲ್ಲಿ ಮಹಿಳೆಯರ ಇತಿಹಾಸದ ಮಾತಿತ್ತು. ಪರದೆ ಸರಿದಾಗ ಬೋರ್ಡಿನ ಮೇಲೆ ಇದ್ದದ್ದು ಕೊಲೆಗಾರನ ಹೆಸರು. ಅರ್ಜಿಯಲ್ಲಿ ಬರೆಯುವ ಉಪಯೋಗ 'ಮ್ಯೂಸಿಯಂ' ಎಂಬಷ್ಟೇ ಆದರೆ ಒಳಗೆ ಏನಿರುತ್ತದೆಂದು ಕೌನ್ಸಿಲ್ ಕೇಳುವಂತಿಲ್ಲ ಎಂಬ ಪಾಠ ಅದರಿಂದ ಸಿಕ್ಕಿತು. ಫಲಕದ, ರೋಲಿಂಗ್ ಶಟರಿನ ಮೇಲೆ ಮಾತ್ರ ಅದಕ್ಕೆ ಹಿಡಿತ. ಸಿಡ್ನಿ ಸ್ಟ್ರೀಟಿನದು ಇನ್ನೂ ವಿಚಿತ್ರ. 1910ರ ಡಿಸೆಂಬರ್‌ನಲ್ಲಿ ಹೌಂಡ್ಸ್‌ಡಿಚ್‌ನಲ್ಲಿ ಮೂವರು ಪೊಲೀಸರನ್ನು ಕೊಂದ ಗುಂಪಿನೊಂದಿಗೆ ತಳಕು ಹಾಕಿಕೊಂಡ 'ಪೀಟರ್ ದ ಪೇಂಟರ್' ಎಂಬಾತನ ನೆನಪಿಗೆ ಅಲ್ಲಿನ ಎರಡು ವಸತಿ ಕಟ್ಟಡಗಳಿಗೆ ಪೀಟರ್ ಹೌಸ್, ಪೇಂಟರ್ ಹೌಸ್ ಎಂದು ಹೆಸರಿಟ್ಟರು. ಸತ್ತ ಆ ಪೊಲೀಸರಿಗೆ ಸ್ಥಳದಲ್ಲಿ ಸ್ಮಾರಕ ಫಲಕ ಬರಲು 2010ರವರೆಗೆ ಕಾಯಬೇಕಾಯಿತು.

ಇದಕ್ಕೆ ಎದುರಾಗಿ ಆಲ್ತಾಬ್ ಅಲಿಯವರದನ್ನು ನೋಡಿ. 1978ರ ಮೇ 4ರಂದು ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಈ ಬಂಗಾಳಿ ಯುವಕನನ್ನು ಆಡ್ಲರ್ ಸ್ಟ್ರೀಟಿನಲ್ಲಿ ಜನಾಂಗ ದ್ವೇಷದಿಂದ ಕೊಂದರು. ಪಕ್ಕದ ಉದ್ಯಾನಕ್ಕೆ 1998ರಲ್ಲಿ ಅವರ ಹೆಸರು ಬಂತು. ಕೊಂದವರ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಅಲ್ಲಿನ ಸಮುದಾಯ ಹಟ ಹಿಡಿದದ್ದರಿಂದ ಅದು ಆಯಿತು. 1888ರ ಐವರ ಪರವಾಗಿ ಹಟ ಹಿಡಿಯುವ ವಾರಸುದಾರ ಸಮುದಾಯ ಇರಲಿಲ್ಲ.

ಎಲ್ಲ ಜಾಗಕ್ಕೂ ಗುರುತು ಬೇಕೆಂದು ನಾವು ಹೇಳುತ್ತಿಲ್ಲ. ಹೆನ್ರಿಕ್ಸ್ ಸ್ಟ್ರೀಟಿನ ಶಾಲೆಯ ಗೋಡೆಗೆ ಏನನ್ನೂ ಹಾಕಬಾರದು. ಮಕ್ಕಳು ಆಡುವ ಅಂಗಳವನ್ನು ಕ್ಯಾಮೆರಾಗಳ ಗುರಿ ಮಾಡುವುದು ಬೇಡ. ಎಕ್ಸ್‌ಚೇಂಜಿನ ನೆಲಮಾಳಿಗೆಗೆ 1940ರ ಬಾಂಬ್ ದಾಳಿಯಲ್ಲಿ ಸಾವಿರಾರು ಜನ ಆಶ್ರಯ ಪಡೆದ ಇತಿಹಾಸವೂ ಇದೆ. ಕೊಲೆಯ ನೆರಳಿನಲ್ಲಿ ಅದು ಮರೆಯಾಗುವುದೂ ಸರಿಯಲ್ಲ. ನೆಂಟರನ್ನು ವಾಕ್‌ಗೆ ಕಳಿಸುವವರಿಗೆ ಒಂದು ಮಾತು: ಬ್ರಿಟನ್ನಿನಲ್ಲಿ ನಡಿಗೆ ಪ್ರವಾಸದ ಗೈಡ್ ಆಗಲು ಪರವಾನಗಿ ಬೇಕಿಲ್ಲ, ಬ್ಲೂ ಬ್ಯಾಡ್ಜ್ ಸ್ವಯಂಪ್ರೇರಿತ ಅರ್ಹತೆ. ದುಡ್ಡು ಕಟ್ಟುವ ಮುನ್ನ ಗುಂಪಿನಲ್ಲಿ ಎಷ್ಟು ಜನ, ಫ್ಲ್ಯಾಟುಗಳ ಕಿಟಕಿಯ ಕೆಳಗೆ ಮೈಕು ಬಳಸುತ್ತಾರೆಯೇ, ಶವದ ಚಿತ್ರ ಗೋಡೆಯ ಮೇಲೆ ಬಿಂಬಿಸುತ್ತಾರೆಯೇ ಎಂದು ಕೇಳಿ. ಕೊನೆಯದಕ್ಕೆ ಹೌದೆಂದರೆ ಬೇರೆ ಗೈಡ್ ಹುಡುಕಿ.

ಬ್ರಿಕ್ ಲೇನ್ ಬಳಿಯ ಟ್ರೂಮನ್ ಬ್ರೂವರಿ ಜಾಗದ ಮೇಲಿನ ಜಗಳ ನಿಮಗೆ ಗೊತ್ತಿರಬಹುದು. 2021ರ ಸೆಪ್ಟೆಂಬರ್‌ನಲ್ಲಿ ಅಂಗಡಿ-ಆಫೀಸು ಕಟ್ಟಡಕ್ಕೆ ಸಾವಿರಾರು ಆಕ್ಷೇಪಣೆಗಳ ನಡುವೆಯೇ ಸಮಿತಿ ಅನುಮತಿ ಕೊಟ್ಟಿತು; ಬಳಿಕ ಇನ್ನೂ ದೊಡ್ಡ ಯೋಜನೆಗಳು ಬಂದವು. ಹ್ಯಾನ್‌ಬರಿ ಸ್ಟ್ರೀಟಿನ ಉತ್ತರ ಬದಿ ಇದೇ ಬ್ರೂವರಿಯ ಆಸ್ತಿಯ ಅಂಚು. ಅಲ್ಲಿನ ಯಾವುದೇ ಅರ್ಜಿ ಬಂದರೂ ತೆರೆದು ನೋಡಿ. ಬಣ್ಣದ ಚಿತ್ರಗಳನ್ನು ಬಿಟ್ಟು ಜಾಗದ ಇತಿಹಾಸ ವಿವರಿಸುವ ಹೆರಿಟೇಜ್ ಸ್ಟೇಟ್‌ಮೆಂಟ್, ಏನನ್ನು ಕೆಡವುತ್ತಾರೆಂದು ತೋರಿಸುವ ಡೆಮಾಲಿಷನ್ ನಕ್ಷೆ, ನೆಲಮಹಡಿ ಮತ್ತು ನೆಲಮಾಳಿಗೆಯ ನಕ್ಷೆ ಇಷ್ಟನ್ನು ಇಳಿಸಿಕೊಳ್ಳಿ. ನೆಲಮಾಳಿಗೆ ಹಳೆಯ ಹಿತ್ತಲುಗಳ ಸಾಲಿನವರೆಗೆ ಚಾಚಿದ್ದರೆ ಕೆಳಗಿನ ಪದರ ಪೂರ್ತಿ ಹೋಗುತ್ತದೆ. ಕಂಬದ ತಳಪಾಯ ಮಾತ್ರವಾದರೆ ನಡುವಿನ ಮಣ್ಣು ಉಳಿಯಬಹುದು. ಹೆರಿಟೇಜ್ ಸ್ಟೇಟ್‌ಮೆಂಟಿನಲ್ಲಿ 1888 ಎಂಬ ವರ್ಷ ಬರುತ್ತದೆಯೇ ಹುಡುಕಿ. ಬಾರದಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಿರಿ.

ಸಾರ್ವಜನಿಕ ಸಮಾಲೋಚನೆಗೆ ಸಾಮಾನ್ಯವಾಗಿ 21 ದಿನ. ಪತ್ರದ ತಲೆಯಲ್ಲಿ ಅರ್ಜಿಯ ಸಂಖ್ಯೆ ಇರಲಿ. ಮನೆಯ ಬೆಲೆ, ಕಿಟಕಿಯ ನೋಟ ಇವು ಲೆಕ್ಕಕ್ಕೆ ಬರುವುದಿಲ್ಲ. ಸಂರಕ್ಷಣಾ ಪ್ರದೇಶದ ಸ್ವರೂಪ, ಸಾರ್ವಜನಿಕ ದಾರಿ, ಪುರಾತತ್ವ ಇವು ಬರುತ್ತವೆ. ಒಂದೇ ನಮೂನೆಯ ಪತ್ರವನ್ನು ನೂರು ಜನ ಕಳಿಸುವುದಕ್ಕಿಂತ ಹೊಂದಿಸಿದ ನಕ್ಷೆಯೊಂದನ್ನು ಲಗತ್ತಿಸಿದ ಹತ್ತು ಪತ್ರಗಳು ಅಧಿಕಾರಿಯ ಕೆಲಸಕ್ಕೆ ಬರುತ್ತವೆ. ದೊಡ್ಡ ಯೋಜನೆಯಾದರೆ ಪ್ರತಿಯನ್ನು ಲಂಡನ್ ಮೇಯರ್ ಕಚೇರಿಗೂ ಕಳಿಸಿ. ಕೌನ್ಸಿಲ್ ಬೇಡವೆಂದದ್ದಕ್ಕೆ ಅಲ್ಲಿಂದ ಒಪ್ಪಿಗೆ ಬಂದದ್ದನ್ನು ಮೇಲೆ ಹೇಳಿದ್ದೇವೆ. ಸಮಿತಿಯ ಸಭೆಗೆ ಐದು ಪೂರ್ಣ ದಿನ ಮೊದಲು ಅಜೆಂಡಾ ಮತ್ತು ಅಧಿಕಾರಿಯ ವರದಿ ಪ್ರಕಟವಾಗಬೇಕು. ಅದು ಬಂದ ದಿನವೇ ತೆರೆದು, ನಿಮ್ಮ ಆಕ್ಷೇಪಣೆಯ ಸಾರಾಂಶ ಅದರಲ್ಲಿದೆಯೇ, ದಾಖಲಾತಿಯ ಷರತ್ತಿನಲ್ಲಿ 'ಕೆಡವುವ ಮುನ್ನ' ಎಂದಿದೆಯೇ ನೋಡಿ. ಇಲ್ಲದಿದ್ದರೆ ಸಭೆಗೆ ಮುನ್ನ ಹೊರಡುವ ತಿದ್ದುಪಡಿ ವರದಿಯಲ್ಲಿ ಸೇರಿಸುವಂತೆ ಆ ಅರ್ಜಿಯನ್ನು ನೋಡಿಕೊಳ್ಳುವ ಅಧಿಕಾರಿಗೆ ಅಂದೇ ಬರೆಯಿರಿ, ಸಭೆಯಲ್ಲಿ ಮಾತಾಡಲು ಹೆಸರನ್ನೂ ನೋಂದಾಯಿಸಿ.

ಇಂತಿ,
ಪೂರ್ವ ಲಂಡನ್ನಿನ ಹಳೆಯ ನಕ್ಷೆ-ಕಡತಗಳನ್ನು ಓದುವ ಕೆಲವು ಕನ್ನಡಿಗರು